ನನ್ನ ಹಾಡು ಮೂರ್ತಿಯವರ ಪಾಲಾದದ್ದು

ಇಷ್ಟದ ಹಾಡು ಯಾವುದು ಎಂದು ಕೇಳುವುದೂ ಒಂದೇ, ಸಂಬಳ ಎಷ್ಟು ಎಂದು ಕೇಳುವುದೂ ಒಂದೇ. ನಾಲ್ಕು ಜನರೆದುರು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ದೆಹಲಿಯಲ್ಲಿ ಗುಮಾಸ್ತನಾಗಿ ಇಷ್ಟು ವರ್ಷ ಕಳೆದ ಮೇಲೂ ನಾನು ಮಾತ್ರ ನಿಜವನ್ನೇ ಹೇಳಬೇಕೆಂದು ಹಟ ಹಿಡಿದಿದ್ದೆ. ಹೇಳಲು ಬಿಡುವವರಿರಲಿಲ್ಲ, ಅಷ್ಟೆ.

ದ್ವಾರಕಾದ ಜೋಶಿ ಮೇಷ್ಟ್ರ ಫ್ಲ್ಯಾಟಿನಲ್ಲಿ ತಿಂಗಳಿಗೊಂದು ಭಾನುವಾರ ನಾವು ಕೆಲವು ಕನ್ನಡಿಗರು ಸೇರುತ್ತಿದ್ದೆವು. ಭಜನೆಗಲ್ಲ. ಗಿಟಾರು ತಬ್ಬಿಕೊಂಡು, ಕತ್ತಿಗೆ ಮೌತ್ ಆರ್ಗನ್ ಕಟ್ಟಿಕೊಂಡು, ತಾನೇ ಬರೆದ ಹಾಡನ್ನು ತಾನೇ ಹಾಡುವ ಒಬ್ಬ ಅಮೆರಿಕದ ಮುದುಕನ ಅಭಿಮಾನಿಗಳು ನಾವು. ಅವನಿಗೆ ನಾವಿಟ್ಟ ಹೆಸರು ಅಜ್ಜ. ಅಜ್ಜನ ದನಿಯನ್ನು ಮೊದಲ ಸಲ ಕೇಳಿದವರಿಗೆ ಪಾಪ, ಒಂದು ಲೋಟ ಕಷಾಯ ಕಾಸಿ ಕೊಡೋಣ ಅನಿಸುತ್ತದೆ. ಎರಡನೆಯ ಸಲ ಕೇಳಿದರೆ ಅದು ಬಿಡುವುದಿಲ್ಲ.

ಮೇಷ್ಟ್ರ ಮನೆಯ ನಿಯಮ ಸರಳ. ಬಂದ ಸರದಿಯಲ್ಲೇ ಒಬ್ಬೊಬ್ಬರೂ ತಮ್ಮ ಇಷ್ಟದ ಹಾಡು ಹೇಳಬೇಕು, ಯಾಕಿಷ್ಟ ಎಂದೂ ಹೇಳಬೇಕು, ಆಮೇಲೆ ಎಲ್ಲರೂ ಕೂತು ಕೇಳಬೇಕು. ಒಬ್ಬರು ಹೇಳಿದ್ದನ್ನು ಆ ದಿನ ಇನ್ನೊಬ್ಬರು ಹೇಳುವಂತಿಲ್ಲ. ನಾನಿರುವುದು ಘಾಜಿಯಾಬಾದಿನಲ್ಲಿ. ಬಸ್ಸು, ಮೆಟ್ರೊ, ಸೈಕಲ್ ರಿಕ್ಷಾ ಎಲ್ಲ ಮುಗಿಸಿ, ಬೆವರೊರೆಸಿಕೊಂಡು ಒಳಗೆ ಬರುವ ಹೊತ್ತಿಗೆ, ಅದೇ ಕಟ್ಟಡದ ಮೇಲಿನ ಮಹಡಿಯಿಂದ ಹವಾಯಿ ಚಪ್ಪಲಿಯಲ್ಲಿ ಇಳಿದು ಬಂದ ನಿವೃತ್ತ ಅಧಿಕಾರಿ ಮೂರ್ತಿಯವರು ನನ್ನ ಹಾಡನ್ನು ಬಾಚಿಕೊಂಡಾಗಿರುತ್ತಿತ್ತು.

ನನ್ನ ಹಾಡೆಂದರೆ ರೈಲು ತಪ್ಪಿಸಿಕೊಂಡವನ ಹಾಡು. ಅಜ್ಜನ ಹಾಡುಗಳಲ್ಲೆಲ್ಲ ಅತಿ ಪ್ರಸಿದ್ಧವಾದದ್ದು. ನಮ್ಮ ವಂಶದಲ್ಲಿ ಡಿಗ್ರಿ ಕಂಡವನು ನಾನೇ ಮೊದಲಿಗ, ಅದೂ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ಹೊಡೆದು ಕಂಡದ್ದು. ಆ ದಿನಗಳಲ್ಲಿ ಹಾಸ್ಟೆಲಿನ ಟೇಪ್ ರೆಕಾರ್ಡರಿನಲ್ಲಿ ಕೇಳಿ, ಮೊದಲಿಂದ ಕೊನೆಯವರೆಗೆ ನನಗೆ ಅರ್ಥವಾದ ಮೊದಲ ಇಂಗ್ಲಿಷ್ ಹಾಡು ಅದು. ಆವತ್ತು ಬಂದ ಧೈರ್ಯ ಪದವಿ ಕೈಗೆ ಬಂದಾಗಲೂ ಬರಲಿಲ್ಲ. ಇದನ್ನು ಮೇಷ್ಟ್ರ ಸೋಫಾದ ಮೇಲೆ ಕೂತು ಒಮ್ಮೆ ಹೇಳಬೇಕೆಂಬುದೇ ನನ್ನ ಆಸೆ. ಆದರೆ ಪ್ರತಿ ಸಲವೂ ನನಗೆ ಉಳಿಯುತ್ತಿದ್ದದ್ದು ಸಿ.ಡಿ.ಯ ಬಾಲದಲ್ಲಿರುವ, ಅಜ್ಜನೇ ಮರೆತಿರಬಹುದಾದ ಯಾವುದೋ ಹಾಡು. "ಇದರಲ್ಲಿ ನಡುನಡುವೆ ಸುಮ್ಮನಾಗ್ತಾನಲ್ಲ, ಅದು ಚೆನ್ನಾಗಿದೆ" ಎಂದು ಏನೋ ಒಂದು ಹೇಳಿ ಪಾರಾಗುತ್ತಿದ್ದೆ.

ಕೊನೆಗೊಂದು ಭಾನುವಾರ ತಿಂಡಿಗೂ ಕೂರದೆ ಹೊರಟೆ. "ಆಫೀಸಿಗೆ ಒಂದಿನಾನಾದ್ರೂ ಹೀಗೆ ಓಡಿದ್ರಾ?" ಎಂದಳು ಹೆಂಡತಿ. ನಾನು ಹೋದಾಗ ಮೇಷ್ಟ್ರು ಲುಂಗಿಯಲ್ಲಿ ನಿಂತು ಕಸ ಗುಡಿಸುತ್ತಿದ್ದರು. ಒಬ್ಬೊಬ್ಬರಾಗಿ ಜನ ಸೇರಿದರು. ಮೂರ್ತಿಯವರು ಮಾತ್ರ ಇನ್ನೂ ಇಳಿದಿರಲಿಲ್ಲ. ಸರದಿಯಲ್ಲಿ ಮೊದಲಿಗನಾದ ನಾನು ಗಂಟಲು ಸರಿಮಾಡಿಕೊಂಡು ನನ್ನ ಹಾಡನ್ನು ಹೇಳಿದೆ.

ಸಿ.ಡಿ. ಹಾಕುವುದು ಮೇಷ್ಟ್ರ ಮಗಳು ಪಲ್ಲವಿಯ ಕೆಲಸ, ದೆಹಲಿಯಲ್ಲೇ ಬೆಳೆದ ಕಾಲೇಜು ಹುಡುಗಿ. ಅವಳು ಕೈ ತಡೆದು, "ಅಂಕಲ್, ಆಪ್ ಭೀ? ಯೇ ತೋ ಸಬ್‌ಕೋ ಪತಾ ಹೈ" ಎಂದಳು.

"ಅಲ್ಲ ಸಿದ್ದಪ್ಪನವರೇ, ಎಲ್ಲರಿಗೂ ಗೊತ್ತಿರೋ ಹಾಡನ್ನ ನೀವೂ ಹೇಳೋದೇ?" ಮೇಷ್ಟ್ರ ಮುಖ ಬಾಡಿತ್ತು. "ನಿಮ್ಮ ಟೇಸ್ಟೇ ಬೇರೆ ಅಂತ ನಾನು ಯೂನಿವರ್ಸಿಟಿ ತುಂಬಾ ಹೇಳ್ಕೊಂಡು ಬಂದಿದ್ದೀನಿ."

ಆಗ ತಿಳಿಯಿತು: ತಡವಾಗಿ ಬಂದು ಬಂದು ನಾನು ಮಹಾ ರಸಿಕನಾಗಿಬಿಟ್ಟಿದ್ದೆ. ಹಾಸ್ಟೆಲಿನ ಕತೆ ಬಾಯಿಯವರೆಗೆ ಬಂತು. ಅಷ್ಟರಲ್ಲಿ ಮೂರ್ತಿಯವರು ಏದುಸಿರು ಬಿಡುತ್ತ ಬಂದರು.

"ಲಿಫ್ಟ್ ಕೆಟ್ಟಿದೆ ಕಣ್ರೀ. ಅಚ್ಛಾ, ನನ್ನ ರೈಲಿನ ಹಾಡು ಹಾಕಮ್ಮ."

"ಅದು ಹೋಯ್ತು ಅಂಕಲ್."

ಮೂರ್ತಿಯವರು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. "ಹೋಯ್ತಾ? ನನಗೆ ಗೊತ್ತಿರೋದೇ ಅದೊಂದು. ಮಿಕ್ಕಿದ್ದಕ್ಕೆಲ್ಲ ಸುಮ್ನೆ ತಲೆ ಆಡಿಸ್ತಿದ್ದೆ."

"ತಗೊಳ್ಳಿ ಸರ್, ನಿಮಗೇ ಅಂತ ಹಿಡಿದಿಟ್ಟಿದ್ದೆ" ಎಂದುಬಿಟ್ಟೆ.

ಮೂರ್ತಿಯವರು ನನ್ನ ಎರಡೂ ಕೈ ಹಿಡಿದುಕೊಂಡರು. "ದೊಡ್ಡ ಮನಸ್ಸು" ಎಂದರು ಮೇಷ್ಟ್ರು. ದೊಡ್ಡದಾಗಿದ್ದದ್ದು ಮನಸ್ಸಲ್ಲ, ನನಗೆ ಬಂದಿದ್ದ ಹೆಸರು. ಅದನ್ನು ಉಳಿಸಿಕೊಂಡೆ. ಹಾಡು ಶುರುವಾಯಿತು. ಒಂದೊಂದು ಪದವೂ ಬಾಯಿಗೆ ಬರುತ್ತಿತ್ತು, ಯಾರಾದರೂ ನೋಡಿಯಾರೆಂದು ತುಟಿ ಬಿಗಿಹಿಡಿದು ಕೂತೆ. ಮುಗಿದ ಮೇಲೆ ಪಲ್ಲವಿ "ಅಂಕಲ್, ಅಬ್ ಆಪ್‌ಕಾ?" ಎಂದಳು. ನಾನು ಕಣ್ಣು ಮುಚ್ಚಿಕೊಂಡು, "ಯಾರೂ ಕೇಳದ್ದು ಯಾವುದಿದೆಯೋ ಅದನ್ನೇ ಹಾಕಮ್ಮ" ಎಂದೆ.