ಹಿಂದಿನ ಸೀಟಿನ ಬ್ರೇಕು

ಹಲ್ಲಿನ ಡಾಕ್ಟರು ಭೀಷ್ಮಪ್ರತಿಜ್ಞೆಯನ್ನೇ ಮಾಡಿಬಿಟ್ಟರು. ದಿನವೂ ಕ್ಲಿನಿಕ್ಕಿಗೆ ಓಡಿಸುವ ಕಾರನ್ನೇ ರೇಸ್ ಟ್ರ್ಯಾಕಿಗೆ ಒಯ್ದು, ಹೊಸಬರಿಗೆಂದು ಮೀಸಲಿಟ್ಟ ದಿನ ಮನಸಾರೆ ಓಡಿಸುವುದು. ಒಂದು ಸುತ್ತಾದರೂ ‘ಬ್ರೇಕ್ ಹಿಡೀರಿ’ ಎಂಬ ಮಾತು ಕಿವಿಗೆ ಬೀಳದಂತೆ ಓಡಿಸುವುದು!

ಆ ಮಾತು ಬರುತ್ತಿದ್ದುದು ಹಿಂದಿನ ಸೀಟಿನಿಂದ. ಮದುವೆಯಾದಾಗಿನಿಂದ ಅಲ್ಲಿ ಅತ್ತೆಯವರ ಠಿಕಾಣಿ. ಫರ್ಲಾಂಗು ದೂರದಲ್ಲಿ ನಾಯಿಯೊಂದು ಮೈ ಮುರಿದರೂ “ಅಳಿಯಂದ್ರೇ, ಬ್ರೇಕು” ಎನ್ನುವರು. ಊರವರ ಬಾಯಿ ತೆಗೆಸುವ ಡಾಕ್ಟರಿಗೆ ಈ ಒಂದು ಬಾಯಿ ಮುಚ್ಚಿಸುವ ವಿದ್ಯೆ ಸಿದ್ಧಿಸಿರಲಿಲ್ಲ.

ಹೆಂಡತಿ ಒಪ್ಪಿದಳು, ಷರತ್ತಿನ ಮೇಲೆ. “ಕಾರಿಗೆ ಒಂದು ಗೀರು ಬಿತ್ತೋ, ಇದೇ ಮೊದಲು, ಇದೇ ಕೊನೆ.”

ಮೆಕ್ಯಾನಿಕ್ಕು ಬ್ರೇಕ್ ಆಯಿಲ್ ಬದಲಿಸಿದ, ಸವೆದ ಪ್ಯಾಡುಗಳನ್ನು ತೆಗೆದು ಹೊಸವನ್ನು ಹಾಕಿದ, ಚಕ್ರಗಳ ನಟ್ಟು ಬಿಗಿದ. ತಿರುವಿನಲ್ಲಿ ಉರುಳಿ ಪೆಡಲಿನಡಿ ಸಿಕ್ಕಿಕೊಳ್ಳಬಾರದೆಂದು ಛತ್ರಿ, ನೀರಿನ ಬಾಟಲಿ, ಮ್ಯಾಟು ಎಲ್ಲ ಹೊರಬಂದವು. ಇಷ್ಟು ಸಾಕೆಂದು ಅವನು ಕೈ ಒರೆಸಿಕೊಂಡ. ಡಾಕ್ಟರಿಗೆ ಸಾಲಲಿಲ್ಲ. ಭಾರ ಇಳಿಸಬೇಕೆಂದು ಹಿಂದಿನ ಸೀಟಿಗೇ ಕೈ ಹಾಕಿದರು. ದವಡೆ ಹಲ್ಲು ಕೀಳುವ ಕೈಗೆ ಸೀಟು ಯಾವ ಲೆಕ್ಕ! ಎರಡು ಸಲ ಅಲುಗಿಸಿ ಒಮ್ಮೆ ಎಳೆದರು, ಬೇರುಸಹಿತ ಬಂತು.

“ಇದ್ರಿಂದ ಎಷ್ಟ್ರೀ ಭಾರ ಕಮ್ಮಿ ಆಗೋದು?” ಮೆಕ್ಯಾನಿಕ್ಕು ಕೇಳಿದ.

“ಸೀಟಿನದೇನೂ ಹೆಚ್ಚಿಲ್ಲ ಬಿಡು,” ಎಂದು ಡಾಕ್ಟರು ಮನೆಯೊಳಗೆ ಇಣುಕಿ ದನಿ ತಗ್ಗಿಸಿದರು.

ಸೀಟು ನಡುಮನೆಯ ಗೋಡೆಗೊರಗಿತು. ಅತ್ತೆ ಅದರ ಮೇಲೆ ಕೂತು, ಕಣ್ಣು ಮುಚ್ಚಿ, ಸೊಂಟಕ್ಕೆ ಹಿತವಾಗಿದೆ ಎಂದು ತೀರ್ಪು ಕೊಟ್ಟರು.

ಟ್ರ್ಯಾಕಿನಲ್ಲಿ ತರಬೇತುದಾರ ಪಕ್ಕದಲ್ಲಿ ಕೂರಲು ಬಂದ. ತಮಗೆ ಯಾರೂ ಬೇಡವೆಂದು ಡಾಕ್ಟರು ಹೆಲ್ಮೆಟ್ ಏರಿಸಿ ಒಬ್ಬರೇ ಹೊರಟರು. ನೇರ ದಾರಿ, ಖಾಲಿ ಕಾರು, ಹಿಂದೆ ಪರಮ ಮೌನ. ಸ್ವರ್ಗಕ್ಕೆ ಮೂರೇ ಗೇಣು!

ಮೊದಲ ತಿರುವು ಬಂತು. ಡಾಕ್ಟರು ಕಾದರು. ಯಾವುದಕ್ಕೆಂದು ಅವರಿಗೇ ತಿಳಿಯಲಿಲ್ಲ. ಇಷ್ಟು ವರ್ಷ ಕಿವಿಗೆ ಬಿದ್ದ ಮೇಲೆಯೇ ಬ್ರೇಕ್ ತುಳಿದ ಕಾಲು ಅದು. ಕಿವಿಗೆ ಏನೂ ಬೀಳಲಿಲ್ಲ, ಕಾಲು ಅಲುಗಲಿಲ್ಲ. ತುಳಿಯುವ ಹೊತ್ತಿಗೆ ಕಾರು ಟ್ರ್ಯಾಕು ಬಿಟ್ಟು ಹುಲ್ಲಿಗಿಳಿದು, ಮೇಯಲು ಬಂದ ಹಸುವಿನಂತೆ ಸಾವಧಾನವಾಗಿ ನಿಂತಿತು.

ಇಳಿದು ಸುತ್ತ ತಡವಿ ನೋಡಿದರು. ಪುಣ್ಯಕ್ಕೆ ಗೀರಿಲ್ಲ. ತರಬೇತುದಾರ ಈ ಸಲ ಕೇಳದೆಯೇ ಹತ್ತಿ ಕೂತ.

“ದೂರ ನೋಡಿ. ಸ್ಟೀರಿಂಗ್ ಕತ್ತು ಹಿಸುಕಬೇಡಿ. ಹಾಂ, ಬ್ರೇಕ್ ಹಿಡೀರಿ.”

ಅಕ್ಷರಕ್ಕೆ ಅಕ್ಷರ ಅತ್ತೆಯ ಉಪದೇಶ! ಡಾಕ್ಟರ ಕಾಲು ಹಳೆಯ ಗುಲಾಮನಂತೆ ತಟ್ಟನೆ ಬ್ರೇಕ್ ತುಳಿಯಿತು. ಉಳಿದ ಸುತ್ತುಗಳೆಲ್ಲ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಸಾಗಿದವು. ಹೇಳಿದ ತಕ್ಷಣ ಕೇಳುವ ಇಂಥ ಶಿಷ್ಯನನ್ನು ತಾನು ಕಂಡೇ ಇಲ್ಲ, ಇದನ್ನು ಎಲ್ಲಿ ಕಲಿತಿರಿ ಎಂದು ತರಬೇತುದಾರ ಬೆರಗಾದ. ಡಾಕ್ಟರು ಹೆಲ್ಮೆಟ್ಟಿನೊಳಗೇ ಏನೋ ಗೊಣಗಿದರು.

ಮನೆಯಲ್ಲಿ ಹೆಂಡತಿ ಕಾರಿಗೆ ಪ್ರದಕ್ಷಿಣೆ ಬಂದಳು. ಗೀರು ಸಿಗಲಿಲ್ಲ, ಬಂಪರಿನ ಸಂದಿಯಿಂದ ಒಂದು ಹಿಡಿ ಹುಲ್ಲು ಕಿತ್ತು, ಒಳಗೊಯ್ದು ತಾಯಿಗೆ ತೋರಿಸಿದಳು.

“ಮೊದಲ್ನೇ ತಿರುವಲ್ಲೇ ಹೋಯ್ತಾ?” ಅತ್ತೆ ಕೂತಲ್ಲಿಂದಲೇ ಕೇಳಿದರು.

ಡಾಕ್ಟರು ಹೆಲ್ಮೆಟ್ ಹಿಡಿದೇ ಸೀಟಿನ ಬಳಿ ಬಂದರು. “ಅತ್ತೆ, ಸ್ವಲ್ಪ ಏಳ್ತೀರಾ? ಸೀಟು ವಾಪಸ್ ಹಾಕ್ಬೇಕು.”

“ಇದು ಇಲ್ಲೇ ಇರ್ಲಿ, ಸೊಂಟಕ್ಕೆ ಹಿತವಾಗಿದೆ. ನಾನಿನ್ನು ಮುಂದಿನ ಸೀಟಲ್ಲೇ ಕೂತ್ಕೋತೀನಿ,” ಎಂದ ಅತ್ತೆಯ ಕಣ್ಣು ಅಳಿಯನ ಕೈಯಲ್ಲಿದ್ದ ಹೆಲ್ಮೆಟ್ಟಿನ ಮೇಲೆ ನಿಂತಿತು. “ಆ ಟೋಪಿ ನನ್ನ ಅಳತೆಗೂ ಸಿಗತ್ತಾ?”