ಹಾಸಿಗೆ ಅಂಗಡಿಯಲ್ಲಿ ಸಿಕ್ಕ ಹಸಿರು ಕಾರು

ಎದುರು ಸಾಲಿನ ಹಾಸಿಗೆ ಅಂಗಡಿಯ ಮ್ಯಾನೇಜರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಹಾಸಿಗೆಗಳ ಮೇಲೆ ಊರಿನ ಅರ್ಧ ಜನ ನೆಮ್ಮದಿಯಾಗಿ ಮಲಗಿರುವ ಈ ಹೊತ್ತಿನಲ್ಲಿ, ತಮ್ಮಿಂದಲೇ ನಿದ್ದೆಗೆಟ್ಟ ಏಕೈಕ ನಾಗರಿಕನಾದ ನಾನು ಕೈಮುಗಿದು, ತಲೆಬಾಗಿ, ಹಲ್ಲು ಕಚ್ಚಿಕೊಂಡು, ಹತ್ತು ಜನ ಓದಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ತಮ್ಮ ಎದುರಿನ ಕನ್ನಡಕದ ಅಂಗಡಿಯವನು ನಾನೇ. ಹೊಟ್ಟೆಪಾಡಿಗೆ ಕನ್ನಡಕ; ಹುಚ್ಚಿಗೆ ಹಿಂದಿನ ಕಾಲದ ಕಾರು ಶೋರೂಮುಗಳು ಅಚ್ಚು ಹಾಕಿಸುತ್ತಿದ್ದ ಜಾಹೀರಾತು ಪೋಸ್ಟರುಗಳು. ‘ಹೊಸ ಮಾದರಿ ಬಂದಿದೆ, ಇಂದೇ ದಯಮಾಡಿಸಿ’ ಎಂದು ಅವು ಈಗಲೂ ಕರೆಯುತ್ತವೆ. ಹೋಗೋಣವೆಂದರೆ ಅಂಗಡಿಗಳೇ ಇಲ್ಲ. ನಮ್ಮ ಮನೆಯಲ್ಲಿ ಮಂಚದ ಕೆಳಗೆ, ಬೀರುವಿನ ಹಿಂದೆ, ಅಟ್ಟದ ಮೇಲೆ ಇರುವುದೆಲ್ಲ ಅವೇ. ಕಾರು ಓಡಿಸಲು ಮಾತ್ರ ನನಗೆ ಬರುವುದಿಲ್ಲ. ನಮ್ಮಲ್ಲಿ ಸಂಸಾರ, ಕಾರು ಎರಡನ್ನೂ ಓಡಿಸುವವಳು ನನ್ನ ಹೆಂಡತಿ.

ತಮ್ಮ ಅಂಗಡಿ ಒಂದಾನೊಂದು ಕಾಲದಲ್ಲಿ ಕಾರಿನ ಶೋರೂಮಾಗಿತ್ತು. ದುರಸ್ತಿಗೆಂದು ತಾವು ಒಳಗೋಡೆಯ ಪ್ಲೈವುಡ್ ಕೀಳಿಸಿದಾಗ, ಅದರ ಹಿಂದೆ ನಾನು ವರ್ಷಗಟ್ಟಲೆ ಅರಸುತ್ತಿದ್ದ ಪೋಸ್ಟರು ಅಂಟಿಕೊಂಡಿತ್ತು: ಹಸಿರು ಕಾರು, ಅದರ ಬಾಗಿಲಿಗೆ ಕೈಯೂರಿ ನಿಂತ ಯುವತಿ. ಸುದ್ದಿ ಕೇಳಿ ಓಡಿಬಂದ ನನ್ನ ಕಣ್ಣಲ್ಲಿ ನೀರು ಬಂತು. ಧೂಳಿಗಿರಬೇಕೆಂದು ತಿಳಿದು ತಾವು ಕರವಸ್ತ್ರ ಕೊಟ್ಟಿರಿ. ಅಷ್ಟಕ್ಕೇ ಮನೆಗೆ ಹೋಗಿದ್ದರೆ ಮಾನ ಉಳಿಯುತ್ತಿತ್ತು. ಹೋಗಲಿಲ್ಲ. ಭೂತಗನ್ನಡಿ ಹಿಡಿದು, ತಮ್ಮ ಸಿಬ್ಬಂದಿಯನ್ನೆಲ್ಲ ಹಾಸಿಗೆಗಳ ಮೇಲೆ ಕೂರಿಸಿ, ಉಪನ್ಯಾಸ ಶುರುಮಾಡಿದೆ. ಈಕೆ ಆ ಕಾಲದ ಹೆಸರಾಂತ ರೂಪದರ್ಶಿಯಾಗಿರಲೇಬೇಕೆಂದೂ, ಎಂದೂ ಕೆಲಸ ಕಾಣದ ಆ ಬೆರಳುಗಳ ನಾಜೂಕನ್ನು ಗಮನಿಸಬೇಕೆಂದೂ, ಆ ದೂರದ ನೋಟದಲ್ಲಿ ಒಂದು ಯುಗದ ಕನಸೇ ಇದೆಯೆಂದೂ ಹೇಳಿದೆ.

ಅದೇ ಹೊತ್ತಿಗೆ, ಹಾಸಿಗೆ ಕೊಳ್ಳಲು ನನ್ನ ಹೆಂಡತಿಯ ಜೊತೆ ಬಂದಿದ್ದ ನಮ್ಮ ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಗೋಡೆಯ ಹತ್ತಿರ ಹೋದರು. “ಅಳಿಯಂದ್ರೇ, ಅದು ನಾನು,” ಎಂದರು. “ಇಲ್ಲೇ ಟೈಪಿಸ್ಟ್ ಆಗಿದ್ದೆ. ಚಿತ್ರಕ್ಕೆ ನಿಲ್ಲಬೇಕಾಗಿದ್ದ ಹುಡುಗಿ ಬರಲಿಲ್ಲ ಅಂತ ನನ್ನನ್ನು ಎಬ್ಬಿಸಿಕೊಂಡು ಹೋಗಿ ನಿಲ್ಲಿಸಿದರು. ದೂರದಲ್ಲಿ ನೋಡ್ತಿರೋದು ಗಡಿಯಾರನ. ಬಸ್ ತಪ್ಪಿಹೋಗುತ್ತಲ್ಲ ಅಂತ.”

ತಮ್ಮ ಸಿಬ್ಬಂದಿ ನಕ್ಕ ರೀತಿಗೆ ಸ್ಪ್ರಿಂಗ್ ಹಾಸಿಗೆಗಳು ಕುಣಿದ ಸದ್ದು ನನಗಿನ್ನೂ ಕೇಳಿಸುತ್ತಿದೆ. ಒಂದೇ ಮನೆಯಲ್ಲಿ ಊಟ ಮಾಡುವವರ ಮುಖವನ್ನು ಭೂತಗನ್ನಡಿಯಲ್ಲೂ ಗುರುತಿಸಲಾಗದವನ ಬಳಿ ಊರಿನವರು ಕಣ್ಣು ತೋರಿಸಿಕೊಳ್ಳುತ್ತಿದ್ದಾರೆ, ಪಾಪ.

ಆದರೂ ನಾಚಿಕೆ ಬಿಟ್ಟು ಪೋಸ್ಟರು ಕೇಳಿದೆ. ತಾವು ಮಹಾ ನ್ಯಾಯವಂತರು. “ಅಮ್ಮಾ, ಚಿತ್ರ ನಿಮ್ಮದು, ನೀವೇ ಹೇಳಿ,” ಎಂದು ಅವರತ್ತ ತಿರುಗಿದಿರಿ. “ಇಲ್ಲೇ ಇರಲಪ್ಪ. ನಮ್ಮನೇಲಾದ್ರೆ ಮಂಚದ ಕೆಳಗೆ ಹೋಗುತ್ತೆ,” ಎಂದರು ಅವರು. ತಾವು ಅದಕ್ಕೆ ಗಾಜು ಹಾಕಿಸಿ, ಮೇಲೊಂದು ದೀಪವನ್ನೂ ಇಟ್ಟಿರಿ. ಅಂದಿನಿಂದ ಅತ್ತೆಯವರ ಸಂಜೆಗಳು ತಮ್ಮಲ್ಲೇ ಕಳೆಯುತ್ತಿವೆ. ಗಿರಾಕಿಗಳು ಅವರ ಕತೆ ಕೇಳುತ್ತಾ ಕೂತು, ಎದ್ದೇಳಲು ಮನಸ್ಸಾಗದೆ, ಕೂತ ಹಾಸಿಗೆಯನ್ನೇ ಕೊಂಡು ಹೋಗುತ್ತಾರೆಂದು ಕೇಳಿದ್ದೇನೆ.

ಒಂದು ರಾತ್ರಿ ಊಟದ ನಡುವೆ ನಾನು ಅವರನ್ನು, ಆ ಕಾರಿನ ಒಳಗೆ ಹೇಗಿತ್ತು ಎಂದು ಕೇಳಿದೆ. “ಯಾರಿಗೆ ಗೊತ್ತು? ಸೀಟು ಕೊಳೆಯಾಗುತ್ತೆ ಅಂತ ಕೂರೋಕೆ ಬಿಡಲಿಲ್ಲ,” ಎಂದು ಮೊಸರು ಬಡಿಸಿಕೊಂಡರು. ಕಾಗದದ ಕಾರುಗಳಿಗಾಗಿ ಊರೂರು ಅಲೆದ ನಾನು, ಅವರಿಗಾಗಿಯೂ ಒಮ್ಮೆ ಅಲೆದರಾಯಿತು ಎಂದುಕೊಂಡು ಊಟ ಮುಗಿಸಿ ಎದ್ದೆ.

ಹಾಗಾಗಿ ನಿಜವಾದ ಹಳೆಯ ಕಾರುಗಳನ್ನು ಸಾಕಿಕೊಂಡಿರುವ ಹಲ್ಲಿನ ಡಾಕ್ಟರ ಬಳಿ ಹೋದೆ. ನಮ್ಮಂಥ ಪೋಸ್ಟರು ಗಿರಾಕಿಗಳನ್ನು ಕಂಡರೆ ಅವರಿಗೆ ತಾತ್ಸಾರ. ಅದೇ ಮಾದರಿಯ ಹಸಿರು ಕಾರು ಅವರಲ್ಲಿತ್ತು. ಕತೆ ಕೇಳಿ ಮೆತ್ತಗಾಗಿ, ಬೀಗದ ಕೈ ಚಾಚಿ, “ನೀವೇ ಓಡಿಸಿಕೊಂಡು ಹೋಗಿ,” ಎಂದರು. ಓಡಿಸಲು ಬರುವುದಿಲ್ಲವೆಂದು ನಾನು ಒಪ್ಪಿಕೊಂಡಾಗ ಅವರು ನೋಡಿದ ನೋಟ, ಹುಳುಕು ಹಲ್ಲನ್ನು ನೋಡುವ ನೋಟವೇ ಆಗಿತ್ತು. ಕೊನೆಗೆ ಹೆಂಡತಿ ಓಡಿಸಿದಳು, ಅತ್ತೆಯವರು ಮುಂದೆ ಕೂತರು, ನಾನು ಹಿಂದೆ. ಅವರು ಬಹಳ ಹೊತ್ತು ಬಾಗಿಲಿನ ಒಳಮೈ ಸವರುತ್ತಿದ್ದರು. “ಸೀಟೇನೂ ಅಂಥ ಮೆತ್ತಗಿಲ್ಲ ಕಣೇ, ಸುಮ್ಮನೆ ಆಸೆಪಟ್ಟೆ,” ಎಂದು ಮಗಳಿಗೆ ಹೇಳಿದರು. ಆದರೆ ಇನ್ನೊಂದು ಸುತ್ತು ಹೋಗೋಣ ಎಂದವರೂ ಅವರೇ.

ಆ ಇನ್ನೊಂದು ಸುತ್ತಿನಲ್ಲಿ ಕಾರು ತಮ್ಮ ಅಂಗಡಿಯ ಮುಂದೆಯೇ ಕೆಟ್ಟು ನಿಂತಿತು. ಇಳಿಯಿರಿ ಎಂದರೆ ಅತ್ತೆಯವರು ಇಳಿಯಲೊಲ್ಲರು. ಹೆಂಡತಿ ಸ್ಟೀರಿಂಗ್ ಬಿಡುವಂತಿಲ್ಲ. ತಳ್ಳಲು ಉಳಿದವನು ನಾನೊಬ್ಬ. ತಮ್ಮ ಸಿಬ್ಬಂದಿ ಹೊರಗೆ ಓಡಿಬಂದರು. ಕೈ ಕೊಡಲು ಬಂದರೆಂದು ತಿಳಿದು ಧನ್ಯವಾದವನ್ನೂ ಹೇಳಿಬಿಟ್ಟೆ. ಅವರು ಬಂದದ್ದು ಫೋಟೋ ತೆಗೆಯಲು!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಾವು ಊರ ತುಂಬ ಹಚ್ಚಿಸಿರುವ ಹೊಸ ಜಾಹೀರಾತಿನಲ್ಲಿ ನಮ್ಮ ಅತ್ತೆಯವರು ಕಿಟಕಿಯಿಂದ ರಾಣಿಯಂತೆ ಕೈಬೀಸುತ್ತಿದ್ದಾರೆ, ಬಲು ಚೆಂದ. ಆದರೆ ಕಾರಿನ ಹಿಂದೆ, ತಲೆ ಕಾಣದಂತೆ ಬಗ್ಗಿ, ಲೋಕಕ್ಕೆ ತನ್ನ ಪ್ಯಾಂಟಿನ ಹಿಂಭಾಗವನ್ನಷ್ಟೇ ಅರ್ಪಿಸಿರುವ ಮನುಷ್ಯ ಯಾರೆಂದು ಊರಿಗೆಲ್ಲ ಗೊತ್ತು. ಅದರ ಕೆಳಗೇ ತಾವು ‘ದಿನದ ದಣಿವಿಗೆ ನಮ್ಮ ಹಾಸಿಗೆ’ ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೀರಿ.

ದಯಮಾಡಿ ಆ ಪೋಸ್ಟರುಗಳನ್ನೆಲ್ಲ ತೆಗೆಸಬೇಕು. ಆಗದಿದ್ದರೆ ಊರಿನ ಗೋಡೆಗಳನ್ನೆಲ್ಲ ಒಳಮುಖವಾಗಿ ತಿರುಗಿಸಿ ನಿಲ್ಲಿಸಬೇಕು. ಅದೂ ಆಗದಿದ್ದರೆ, ಅಂಟು ತಾಗದ, ಮಡಚದ, ಮೂಲೆ ಮುರಿಯದ ಎರಡು ಪ್ರತಿಗಳನ್ನು ಸುರುಳಿ ಸುತ್ತಿ ನನ್ನ ಅಂಗಡಿಗೆ ತಲುಪಿಸಬೇಕಾಗಿ ವಿನಂತಿ.

ಬೆನ್ನಿನಿಂದಷ್ಟೇ ಪ್ರಸಿದ್ಧನಾದ,
ತಮ್ಮ ವಿಶ್ವಾಸಿ,
ಕನ್ನಡಕದವನು

ತಾ.ಕ.: ತಮ್ಮ ಮುದ್ರಕರಿಗೆ ಬಣ್ಣದ ಜ್ಞಾನ ಸಾಲದು, ನನ್ನ ಪ್ಯಾಂಟು ಬೂದು, ಅವರು ಹಾಕಿರುವುದು ಕಂದು. ಈ ಲೋಪವನ್ನು ತೋರಿಸಲು ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, “ಬಣ್ಣ ಬಿಡಿ, ಇಷ್ಟು ವರ್ಷದಲ್ಲಿ ನಿಮ್ಮ ಕೈಯಿಂದ ಮುಂದಕ್ಕೆ ಹೋದ ಕಾರು ಇದೊಂದೇ,” ಎಂದಳು.