ಅಲ್ಪವಿರಾಮನ ಪರೀಕ್ಷೆ

ಎಲ್ಲಕ್ಕೂ ಕಾರಣ ಅರ್ಧಕ್ಕೆ ನಿಂತ ಒಂದು ಮಾತು. ಮುದ್ರಣಾಲಯದಲ್ಲಿ ಕರಡು ತಿದ್ದುವ ಅವನು ತನ್ನ ಬಾಯಿಂದ ಒಂದು ವಾಕ್ಯವನ್ನೂ ಪೂರ್ತಿ ಮಾಡಿದವನಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ‘ಅಲ್ಪವಿರಾಮ’. ಅಂದು ಬೆಳಿಗ್ಗೆ ರಜೆ ಕೇಳುತ್ತಾ, “ಸಾರ್, ಒಂದು ಪರೀಕ್ಷೆ...” ಎಂದು ನಿಲ್ಲಿಸಿಬಿಟ್ಟ. ವೀರ್ಯದ್ದು ಎಂಬುದು ಗಂಟಲಲ್ಲೇ ಉಳಿಯಿತು.

“ಈ ವಯಸ್ಸಲ್ಲಿ ಓದು! ಭೇಷ್!” ಎಂದರು ಮ್ಯಾನೇಜರು.

ಬೈಂಡರ್ ತನ್ನ ಪೆನ್ನನ್ನೇ ಅವನ ಜೇಬಿಗೆ ಸಿಕ್ಕಿಸಿದ. “ಹೆದರ್ಬೇಡ ಮಾರಾಯ. ಏನೂ ಬರ್ಲಿಲ್ಲ ಅಂದ್ರೆ ಪಕ್ಕದವನದ್ದು ನೋಡ್ಕೊ.”

ಆಸ್ಪತ್ರೆಯ ಕೋಣೆಯಲ್ಲಿ ಮುಚ್ಚಳದ ಡಬ್ಬಿ ಹಿಡಿದು ಕೂತವನಿಗೆ ನಗು ಬರಲಿಲ್ಲ. ಮದುವೆಯಾಗಿ ಏಳು ವರ್ಷ. ರಕ್ತಪರೀಕ್ಷೆ, ಸ್ಕ್ಯಾನು, ಚುಚ್ಚುಮದ್ದು ಎಲ್ಲ ಹೆಂಡತಿಗೆ. ಅಮ್ಮನ ಚುಚ್ಚುಮಾತೂ ಅವಳಿಗೇ. ಡಾಕ್ಟರಮ್ಮ ಮೊದಲೇ ಬರೆದುಕೊಟ್ಟಿದ್ದ ಈ ಒಂದು ಪರೀಕ್ಷೆಯನ್ನು ಮಾತ್ರ ಅವನು ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದಿದ್ದ.

ಮಧ್ಯಾಹ್ನ ವರದಿ ಬಂತು.

“ಸಂಖ್ಯೆ ಕಡಿಮೆ, ಚಲನೆಯೂ ಸಾಲದು. ಇನ್ನೊಂದ್ಸಲ ನೋಡಿ ಖಚಿತ ಮಾಡ್ಕೊಳ್ಳೋಣ,” ಎಂದರು ಡಾಕ್ಟರಮ್ಮ. “ನಿಮ್ಮ ಹೆಂಡ್ತಿಯಲ್ಲಿ ಏನೂ ತೊಂದರೆ ಕಾಣ್ತಿಲ್ಲ. ಸದ್ಯಕ್ಕೆ ಮಾತ್ರೆ ಕೊಡ್ತೀನಿ, ಇದ್ರಿಂದ ಆಗ್ಲಿಲ್ಲ ಅಂದ್ರೆ ಬೇರೆ ದಾರಿಗಳಿವೆ. ಅಲ್ಲಾ, ಇಷ್ಟು ವರ್ಷ ಎಲ್ಲಿದ್ರಿ ನೀವು?”

ಅವನು ವರದಿ, ಮಾತ್ರೆ ಎರಡನ್ನೂ ಜೇಬಿಗೆ ಹಾಕಿಕೊಂಡ. ಹೊರಗೆ ಬರುತ್ತಿದ್ದಂತೆ ಬೈಂಡರನ ಫೋನು. “ಏನಾಯ್ತೋ?”

“ಫೇಲ್...”

ಬೈಂಡರ್ ಎದುರುಮನೆಯವನೇ. ಸುದ್ದಿ ಅವನ ಹೆಂಡತಿಯ ಬಾಯಿಂದ ಮನೆಗೆ ತಲುಪಿ, ಅಲ್ಪವಿರಾಮ ಚಪ್ಪಲಿ ಬಿಡುವಾಗ ಅಮ್ಮ ಸೊಸೆಯನ್ನು ತರಾಟೆಗೆ ತೆಗೆದುಕೊಂಡಿದ್ದರು. “ಮನೇಲಿ ಒಂದು ಮಗು ಇದ್ದಿದ್ರೆ ನನ್ನ ಮಗ ನೆಮ್ಮದಿಯಾಗಿ ಓದ್ತಿದ್ದ. ಎಲ್ಲಾ ನಿನ್ನ ಕಾಲ್ಗುಣ!” ಎದುರುಮನೆಯಾಕೆ ಪಕ್ಕದಲ್ಲಿ ನಿಂತು ಲೊಚಗುಟ್ಟುತ್ತಿದ್ದಳು.

ಹೆಂಡತಿ ಎಂದಿನಂತೆ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು. ಅದನ್ನು ಕಂಡು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಅಮ್ಮಾ, ನಾನು ಮಾಡಿಸ್ಕೊಂಡಿದ್ದು ವೀರ್ಯ ಪರೀಕ್ಷೆ. ದೋಷ ಇರೋದು ನನ್ನಲ್ಲಿ, ಅವಳಲ್ಲಲ್ಲ. ಮಗು ಆಗದೆ ಇರೋದು ನನ್ನಿಂದ.”

ಅಮ್ಮನ ಕಣ್ಣು ತುಂಬಿ ಬಂತು.

“ನೋಡಿದ್ರಾ ನನ್ನ ಮಗನ್ನ?” ಎಂದರು ಎದುರುಮನೆಯಾಕೆಗೆ. “ಹೆಂಡ್ತಿ ದೋಷನೆಲ್ಲ ತನ್ನ ತಲೆ ಮೇಲೆ ಹಾಕ್ಕೊಳ್ತಾನೆ!”

“ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು,” ಎಂದು ಆಕೆಯೂ ಮೂಗೊರೆಸಿಕೊಂಡಳು.

ಅವನು ವರದಿಯನ್ನು ಮುಂದೆ ಹಿಡಿದ.

“ಅಯ್ಯೋ ನನ್ನಪ್ಪಾ, ಡಾಕ್ಟ್ರ ಕೈಲೂ ಸುಳ್ಳು ಬರೆಸ್ಕೊಂಡು ಬಂದ್ಯಾ!”

ಇನ್ನೇನು ಮಾಡುವುದೆಂದು ತೋಚದೆ ಅವನು ಎಲ್ಲರೆದುರೇ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಅಮ್ಮ ಸೊಸೆಯತ್ತ ತಿರುಗಿದರು.

“ನಾಚ್ಕೆ ಆಗಲ್ವೇನೇ? ನಿನ್ನ ಮಾತ್ರೆನೂ ಅವನೇ ನುಂಗ್ಬೇಕಾ?”